ತಡೆಯದ ಗೆಳೆತನ

ಸ್ನೇಹವನ್ನು ಸದ್ಗುಣವೆಂದು ಎಲ್ಲರೂ ಕೊಂಡಾಡುವರು. ಆದರೆ ಇಬ್ಬರು ದರೋಡೆಕೋರರ ನಡುವಣ ನಿಷ್ಕಪಟ ಸ್ನೇಹವನ್ನು ಏನೆಂದು ಬಗೆಯಬೇಕು? 1969ರಲ್ಲಿ ತೆರೆಕಂಡ ‘ಬುಚ್ ಕ್ಯಾಸಿಡಿ ಅಂಡ್ ದ ಸನ್‌ಡಾನ್ಸ್ ಕಿಡ್’ ಎಂಬ ಅಮೆರಿಕದ ಚಲನಚಿತ್ರ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ವಿಲಿಯಂ ಗೋಲ್ಡ್‌ಮನ್ ಬರೆದು, ಜಾರ್ಜ್ ರಾಯ್ ಹಿಲ್ ನಿರ್ದೇಶಿಸಿದ ಈ ಕೃತಿಗೆ ಚಿತ್ರಕಥೆ, ಛಾಯಾಗ್ರಹಣ, ಸಂಗೀತ ಹಾಗೂ ಗೀತೆಗಾಗಿ 4 ಆಸ್ಕರ್ ಪ್ರಶಸ್ತಿಗಳು ಸಂದವು. ನಾಯಕರಿಬ್ಬರೂ ಕೇವಲ ಕಲ್ಪಿತರಲ್ಲ. ಅಮೆರಿಕದ ಪಶ್ಚಿಮ ಭಾಗದಲ್ಲಿ ರೈಲು, ಬ್ಯಾಂಕುಗಳನ್ನು ದೋಚಿ 1901ರಲ್ಲಿ ದಕ್ಷಿಣ ಅಮೆರಿಕಕ್ಕೆ ಪರಾರಿಯಾದ ಅವರು 1908ರಲ್ಲಿ ಬೊಲಿವಿಯಾದಲ್ಲಿ ಮಡಿದರೆಂದು ಪ್ರತೀತಿ.

ಪಾಲ್ ನ್ಯೂಮನ್ ಅಭಿನಯಿಸಿದ ಬುಚ್ ಮಾತುಗಾರ, ಉಪಾಯಗಾರ. ರಾಬರ್ಟ್ ರೆಡ್‌ಫರ್ಡ್ ಅಭಿನಯಿಸಿದ ಸನ್‌ಡಾನ್ಸ್ ಮಿತಭಾಷಿ, ಗುರಿಕಾರ. ಬೆನ್ನಟ್ಟಿದವರಿಂದ ಪಾರಾಗಲು ಕಡಿದಾದ ಬಂಡೆಯಿಂದ ನದಿಗೆ ಹಾರಬೇಕಾದಾಗ ಸನ್‌ಡಾನ್ಸ್ ತನಗೆ ಈಜು ಬಾರದೆಂದು ಒಪ್ಪಿಕೊಳ್ಳುತ್ತಾನೆ. ಬುಚ್ ಮನಸಾರೆ ನಗುತ್ತಾನೆ. ಬಳಿಕ ಇಬ್ಬರೂ ಕೂಡಿಯೇ ಹಾರುತ್ತಾರೆ. ಪರಸ್ಪರರ ಕೊರತೆಯನ್ನು ಮನ್ನಿಸುವ ಈ ನಂಟು ನಿಜಕ್ಕೂ ಮನಸೆಳೆಯುವಂಥದು.

ಚಿತ್ರದ ಮರ್ಮವಿರುವುದು ಬೊಲಿವಿಯಾದ ಪ್ರಸಂಗದಲ್ಲಿ. ಅಲ್ಲಿ ಕೆಲಕಾಲ ದರೋಡೆ ನಡೆಸಿದ ಗೆಳೆಯರು ಪ್ರಾಮಾಣಿಕರಾಗಬಯಸಿ, ಗಣಿಯ ಸಂಬಳದ ಹಣಕ್ಕೆ ಕಾವಲುಗಾರರಾಗುತ್ತಾರೆ. ಸ್ಥಳೀಯ ದರೋಡೆಕೋರರು ಅವರ ಯಜಮಾನನನ್ನು ಕೊಂದು ಹಣವನ್ನು ಒಯ್ಯುತ್ತಾರೆ. ಅವರೊಡನೆ ಮುಖಾಮುಖಿಯಾದಾಗ, ತಾನು ಈವರೆಗೆ ಯಾರ ಮೇಲೂ ಗುಂಡು ಹಾರಿಸಿಲ್ಲವೆಂದು ಬುಚ್ ತಿಳಿಸುತ್ತಾನೆ. ಮರುಕ್ಷಣ ಕೊಲೆ ನಡೆದುಹೋಗುತ್ತದೆ. ಕಳ್ಳನಾಗಿದ್ದಾಗ ಕೊಲ್ಲದವನು ನ್ಯಾಯದ ದುಡಿಮೆಯಲ್ಲಿ ಕೊಲೆಗಾರನಾಗುತ್ತಾನೆ. ಆಯುಧವನ್ನೇ ಬದುಕಿನ ಆಸರೆಯಾಗಿ ನೆಚ್ಚಿದವನಿಗೆ ವೃತ್ತಿ ಬದಲಾದರೂ ದಾರಿ ಬದಲಾಗದು.

ಇವರಿಗೆ ಹಿತವನ್ನು ನುಡಿದವರಿಲ್ಲದಿಲ್ಲ. ನಿಮ್ಮ ಕಾಲ ಮುಗಿಯಿತೆಂದು ಪರಿಚಿತ ಷೆರಿಫ್ ಎಚ್ಚರಿಸುತ್ತಾನೆ. ಅವರ ಸಾವನ್ನು ಕಣ್ಣಾರೆ ಕಾಣಲಾರೆನೆಂದ ಎಟ್ಟಾ ಊರಿಗೆ ಮರಳುತ್ತಾಳೆ. ಆದರೆ ಗೆಳೆಯರಲ್ಲಿ ಒಬ್ಬನಾದರೂ ಮತ್ತೊಬ್ಬನನ್ನು ಕೈಹಿಡಿದು ನಿಲ್ಲಿಸುವುದಿಲ್ಲ. ಸೈನಿಕರು ಸುತ್ತುವರಿದು, ಮೈಯೆಲ್ಲ ಗಾಯವಾದಾಗಲೂ ಬುಚ್ ಆಸ್ಟ್ರೇಲಿಯದ ಬ್ಯಾಂಕುಗಳ ಮಾತನ್ನಾಡುತ್ತಾನೆ. ಜೊತೆಗೆ ಸಾಯಲು ಸಿದ್ಧವಿರುವ ಸ್ನೇಹಕ್ಕೆ, ಜೊತೆಗೆ ಬದುಕುವ ದಾರಿಯನ್ನು ತೋರುವ ಧೈರ್ಯವಿರಲಿಲ್ಲ.

ಇಬ್ಬರೂ ಹೊರಗೆ ನುಗ್ಗುವಾಗ ಚಿತ್ರ ಅಲ್ಲಿಯೇ ಸ್ತಬ್ಧವಾಗುತ್ತದೆ. ಗುಂಡಿನ ಸದ್ದು ಮಾತ್ರ ಕೇಳುತ್ತದೆ. ಹೆಸರಿಲ್ಲದ ದರೋಡೆಕೋರರ ಸಾವನ್ನು ನಿಧಾನಗತಿಯಲ್ಲಿ ತೋರಿದ ನಿರ್ದೇಶಕರು ನಾಯಕರ ಸಾವನ್ನು ಮರೆಮಾಡಿದ್ದಾರೆ. ಈ ಪಕ್ಷಪಾತದಿಂದ ಅವರು ತೆರೆಯ ಮೇಲೆ ಚಿರಂಜೀವಿಗಳಾದರು. ಮನೆಮಂದಿ ಕೂಡಿ ಈ ಚಿತ್ರವನ್ನು ನೋಡಿದರೆ ಮೆಚ್ಚಲಿ. ಆದರೆ ತೆರೆ ತೋರದೆ ಬಿಟ್ಟ ಆ ಒಂದು ಕ್ಷಣವನ್ನು ಮಕ್ಕಳೊಡನೆ ಕುಳಿತು ಮಾತನಾಡಲಿ.