ಗೇಟು ತೆರೆದರೆ ದೂರವಾಗುವ ಊರು

ನಕ್ಷೆ ಹರವಿಕೊಂಡು ಕೂರುವ ಚಟ ಇದ್ದವರು ದ್ವೀಪ ಎಂದೊಡನೆ ಬೆರಳಿಡುವುದು ದಕ್ಷಿಣ ಅಟ್ಲಾಂಟಿಕ್‌ನ ಟ್ರಿಸ್ಟನ್ ಡ ಕುನ್ಹಾ ಮೇಲೆ. ನೆರೆಯ ಸೇಂಟ್ ಹೆಲೆನಾ ಸುಮಾರು 2,400 ಕಿ.ಮೀ. ದೂರ. ವಿಮಾನ ಇಳಿಯುವುದಿಲ್ಲ, ಕೇಪ್‌ಟೌನ್‌ನಿಂದ ಹಡಗಿನಲ್ಲಿ ಹೆಚ್ಚುಕಡಿಮೆ ಒಂದು ವಾರ. 250 ಜನರೂ ಇಲ್ಲ. 1961ರಲ್ಲಿ ಜ್ವಾಲಾಮುಖಿ ಎದ್ದಾಗ ಎಲ್ಲರನ್ನೂ ಇಂಗ್ಲೆಂಡಿಗೆ ಸಾಗಿಸಿದರು. 1963ರಲ್ಲಿ ಬಹುಪಾಲು ಮಂದಿ ತಮ್ಮ ಆಲೂಗಡ್ಡೆ ಹೊಲಗಳಿಗೇ ಮರಳಿದರು.

ಅಷ್ಟು ದೂರ ಹೋಗಲಾಗದವರು ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ನಕ್ಷೆ ತೆಗೆಯಿರಿ. ನಾರಾಯಣಪುರದ ಬಸವಸಾಗರ ಜಲಾಶಯದ ಕೆಳಗೆ, ಕೃಷ್ಣೆಯ ನಡುವೆ ನೀಲಕಂಠರಾಯನಗಡ್ಡಿ ಇದೆ. ಮನೆ, ಹೊಲ, ದನಕರು ಎಲ್ಲ ಇರುವ ಊರು. ಹೊಳೆ ಇಳಿದ ಕಾಲಕ್ಕೆ ಆಚೆ ದಡ ಕೂಗಳತೆ. ಹೊಳೆ ತುಂಬಿತೋ, ಟ್ರಿಸ್ಟನ್‌ನಷ್ಟೇ ದೂರ.

ಸ್ವಾರಸ್ಯ ಇರುವುದು ಹೊಳೆ ತುಂಬುವ ಬಗೆಯಲ್ಲಿ. ಗಡ್ಡಿಯ ಮೇಲೆ ಹನಿ ಬೀಳಬೇಕೆಂದಿಲ್ಲ. ಮಹಾಬಳೇಶ್ವರ, ಸಾತಾರಾ, ಕೊಲ್ಹಾಪುರದ ಕಡೆ ಮಳೆ ಹಿಡಿದರೆ ಆಲಮಟ್ಟಿ ತುಂಬುತ್ತದೆ, ಅಲ್ಲಿಂದ ಬಸವಸಾಗರ. ಅದರ ಗೇಟು ಎತ್ತಿದರೆ ಬಿಸಿಲಿನಲ್ಲೇ ಗಡ್ಡಿಯ ದಾರಿ ಮುಳುಗುತ್ತದೆ. ವರದಾ ಹೊಳೆಯ ದಂಡೆಯ ನಮ್ಮೂರು ಕರ್ಜಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಗರ, ಸೊರಬದಲ್ಲಿ ಮಳೆ ಹೊಡೆದರೆ ನಮ್ಮ ವರದೆ ಬಿಸಿಲಲ್ಲೂ ಕೆಂಪಗೆ ಏರುತ್ತಾಳೆ. ಆದರೆ ವರದೆಯ ನೀರು ಈ ಗಡ್ಡಿಯನ್ನು ಮುಟ್ಟುವುದಿಲ್ಲ. ಗಳಗನಾಥದಲ್ಲಿ ತುಂಗಭದ್ರೆಗೆ ಕೂಡಿ, ಅದರೊಂದಿಗೆ ಕೃಷ್ಣೆಯನ್ನು ಸೇರುವುದು ಬಹಳ ಕೆಳಗೆ, ಆಂಧ್ರ–ತೆಲಂಗಾಣದ ಗಡಿಯಲ್ಲಿ.

2014ರ ಮಳೆಗಾಲದಲ್ಲಿ ಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತಂದೆ ಮತ್ತು ಅಣ್ಣತಮ್ಮಂದಿರ ಕಾವಲಿನಲ್ಲಿ ಪ್ರವಾಹವನ್ನು ಈಜಿ ದಾಟಿದರು. ಊರಲ್ಲಿ ಹೆರಿಗೆಗೆ ವೈದ್ಯರಿರಲಿಲ್ಲ, ಹೊಳೆಗೆ ಸೇತುವೆಯೂ ಇರಲಿಲ್ಲ. ಸುದ್ದಿ ದೇಶದಾಚೆಗೂ ಹೋಯಿತು. ಜಗತ್ತು ಅವರ ಎದೆಗಾರಿಕೆಯನ್ನು ಹೊಗಳಿತು. ನನ್ನನ್ನು ಕಾಡುವುದು ಆ ಬುರುಡೆ. ತಿರುಳು ಒಣಗಿ, ಗಾಳಿ ತುಂಬಿ ಹಗುರಾದ ಕಾಯಿ ಸುಲಭಕ್ಕೆ ಮುಳುಗದು. ಹೊಳೆದಂಡೆಯವರು ಹಿಂದಿನಿಂದ ಬಲ್ಲ ಉಪಾಯವನ್ನೇ ಹೆರಿಗೆಯ ಹೊತ್ತಿನಲ್ಲೂ ನಂಬಬೇಕಾಗಿ ಬಂತು.

ಜುಲೈ ಬಂದಾಗ ಪತ್ರಿಕೆಯ ಒಳಪುಟದಲ್ಲಿ ಜಲಾಶಯಗಳ ಮಟ್ಟದ ಪಟ್ಟಿ ನೋಡಿ. ನಾರಾಯಣಪುರದ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿದ್ದರೆ, ಯಾವ ನಕ್ಷೆಯೂ ತೋರಿಸದ ದೂರವೊಂದು ಅಂದು ಆ ಅಂಕಿಯಲ್ಲಿ ಸಿಗುತ್ತದೆ.