ಜೀವನಾಂಶಕ್ಕೆ ಹುಟ್ಟಿದ ಹಾಡುಗಳು

ಕೋರ್ಟಿನ ಜಗಳದಿಂದ ಹುಟ್ಟಿದ ಆಲ್ಬಂ, ಅಮೆರಿಕದ ಗಾಯಕ ಮಾರ್ವಿನ್ ಗೇಯ ‘ಹಿಯರ್, ಮೈ ಡಿಯರ್’. ಹೆಂಡತಿ ಆನಾ ಗಾರ್ಡಿ ಆತನಿಗಿಂತ 17 ವರ್ಷ ದೊಡ್ಡವಳು. ಆತ ಹಾಡುತ್ತಿದ್ದ ಮೋಟೌನ್ ಕಂಪನಿ ಕಟ್ಟಿದ ಬೆರಿ ಗಾರ್ಡಿಯ ಅಕ್ಕ. 1977ರಲ್ಲಿ ವಿಚ್ಛೇದನವಾದಾಗ ಗೇ ಸಾಲದಲ್ಲಿದ್ದ. ಮುಂದಿನ ಆಲ್ಬಮ್ಮಿನ ಮುಂಗಡ ಮತ್ತು ರಾಯಲ್ಟಿಯಿಂದ ಆನಾಗೆ 6 ಲಕ್ಷ ಡಾಲರ್ ಸಲ್ಲಬೇಕೆಂದು ಒಪ್ಪಂದವಾಯಿತು. ದುಡ್ಡು ಹೇಗೂ ಆಕೆಗೆ ಹೋಗುತ್ತದೆ, ಏನೋ ಒಂದು ಹಾಡಿ ಮುಗಿಸಿದರಾಯಿತು ಎಂದುಕೊಂಡು ಹೊರಟವನು ತನ್ನ ಮದುವೆಯನ್ನೇ ಎಳೆಎಳೆಯಾಗಿ ಬಿಚ್ಚತೊಡಗಿದ. 1978ರ ಡಿಸೆಂಬರಿನಲ್ಲಿ ಹೊರಬಂದದ್ದು ಎರಡು ರೆಕಾರ್ಡುಗಳಷ್ಟು ಹಾಡು.

ಸಿಟ್ಟು ಒಳ್ಳೆಯ ಹಾಡು ಬರೆಸುತ್ತದೆ ಎಂಬ ನಂಬಿಕೆಯನ್ನು ಈ ಆಲ್ಬಂ ಅಲುಗಾಡಿಸುತ್ತದೆ. ವಕೀಲರನ್ನೂ ಹಣವನ್ನೂ ಹಿಡಿದು ಜಗ್ಗುವ ‘ಈಸ್ ದಟ್ ಇನಫ್’ನಲ್ಲಿ ತಾಳ ಸೊಗಸು, ಮಾತು ಮಾತ್ರ ಫಿರ್ಯಾದಿಯದು. ಕೇಳುಗ ಯಾವ ಪಕ್ಷವೆಂದು ತೀರ್ಮಾನಿಸಿದರೆ ಅಂಥ ಹಾಡಿನ ಕೆಲಸ ಮುಗಿಯಿತು. ಪ್ರೀತಿ ಯಾವಾಗ ನಿಂತಿತು ಎಂದು ಇಬ್ಬರ ಪರವಾಗಿಯೂ ಕೇಳುವ ಹಾಡು ಹಾಗಲ್ಲ. ಅದು ಆಲ್ಬಮ್ಮಿನಲ್ಲಿ ಮೂರು ಸಲ ಬರುತ್ತದೆ: ಮೊದಲು ಪೂರ್ತಿಯಾಗಿ, ನಡುವೆ ಬರೀ ವಾದ್ಯಗಳಲ್ಲಿ, ಕೊನೆಗೆ ಒಂದು ತುಣುಕಾಗಿ. ಪಲ್ಲವಿಯೆಂದು ಹಿಡಿದುಕೊಳ್ಳಲು ಅದರಲ್ಲಿ ಏನೂ ಇಲ್ಲ. ನೆನಪು ಒಂದರ ಹಿಂದೊಂದು ಬರುತ್ತ ಹೋಗುತ್ತದೆ. ಗೇ ತನ್ನದೇ ದನಿಯನ್ನು ಪದರಪದರವಾಗಿ ಧ್ವನಿಮುದ್ರಿಸಿದ್ದಾನೆ. ಒಂದು ದನಿ ದೂರುವಾಗ ಇನ್ನೊಂದು ಅಂಗಲಾಚುತ್ತದೆ, ಮತ್ತೊಂದು ಮೇಲೇರಿ ಎರಡನ್ನೂ ದಾಟಿಹೋಗುತ್ತದೆ. ತನ್ನ ಸಿಟ್ಟನ್ನು ತಾನೇ ನಂಬಲಾರದವನ ತಳಮಳ ಅಲ್ಲಿ ಕೇಳುತ್ತದೆ. ನನಗೆ ಇಡೀ ಆಲ್ಬಂ ನಿಂತಿರುವುದು ಆ ತಳಮಳದ ಮೇಲೆ.

ಬಂದಾಗ ಇದು ಸರಿಯಾಗಿ ಮಾರಾಟವಾಗಲಿಲ್ಲ, ವಿಮರ್ಶಕರೂ ಹೆಚ್ಚಾಗಿ ಹಳಿದರು. ಮುಂದೆ ಅದನ್ನು ಮೇಲೆತ್ತಿ ಇಟ್ಟದ್ದು ನ್ಯಾಯವೇ. ಆದರೆ ಇದೊಂದು ನಿರ್ಭೀತ ಆತ್ಮನಿವೇದನೆ ಎಂಬ ಹೊಗಳಿಕೆಯನ್ನು ನಾನು ಪೂರ್ತಿ ಒಪ್ಪಲಾರೆ. ಅಷ್ಟು ಪದರಗಳಲ್ಲಿ ಆನಾಳ ದನಿ ಒಂದೂ ಇಲ್ಲ. ಖಾಸಗಿ ಬದುಕು ಬಯಲಾಯಿತೆಂದು ಆಕೆ ಮೊಕದ್ದಮೆ ಹೂಡಲು ಯೋಚಿಸಿದ್ದೂ ಉಂಟು. ಆ ಮದುವೆ ಮುರಿಯುವ ಮೊದಲೇ ಗೇಗೆ ಪ್ರೇಯಸಿ ಜಾನಿಸ್ ಹಂಟರ್‌ಳಿಂದ ಇಬ್ಬರು ಮಕ್ಕಳಾಗಿದ್ದರು. ಆನಾಳ ತಪ್ಪುಗಳ ಮುಂದೆ ಅಷ್ಟು ಹೊತ್ತು ನಿಲ್ಲುವ ಆಲ್ಬಂ ಈ ಸಂಗತಿಯ ಮುಂದೆ ಅಷ್ಟು ನಿಲ್ಲುವುದಿಲ್ಲ; ಕೊನೆಗೆ ‘ಫಾಲಿಂಗ್ ಇನ್ ಲವ್ ಅಗೇನ್’ನಲ್ಲಿ ಹೊಸ ಪ್ರೀತಿಯ ಸಂತೋಷವನ್ನಷ್ಟೇ ಹಾಡಿ ಮುಂದೆ ಸಾಗುತ್ತದೆ.