ರಾಜಿಯ ಮೇಜಿನ ಮೇಲೆ ಛಾಯಾಚಿತ್ರ

ಮೋಟಾರು ಅಪಘಾತದಲ್ಲಿ ಗಾಯಗೊಂಡವರು ಪರಿಹಾರದ ಅರ್ಜಿಯೊಡನೆ ಛಾಯಾಚಿತ್ರಗಳನ್ನು ಲಗತ್ತಿಸುವುದು ಹಳೆಯ ರೂಢಿ. ಬಹುಪಾಲು ಕಡತಗಳಲ್ಲಿ ಅವು ಒಂದೇ ಬಗೆಯವು: ಆಸ್ಪತ್ರೆಯ ಮಂಚ, ಪ್ಲಾಸ್ಟರು ಸುತ್ತಿದ ಕಾಲು, ಮೂಳೆಗೆ ಹೊರಗಿನಿಂದ ತೂರಿಸಿದ ಸರಳುಗಳು, ಹೊಲಿಗೆ ಬಿಚ್ಚಿದ ಮೇಲೆ ಉಳಿದ ಕಲೆ, ಕ್ಯಾಮೆರಾದತ್ತ ನೋಡಲಾರದೆ ಬೇರೆಡೆಗೆ ತಿರುಗಿದ ಮುಖ. ಶಿಲ್ಪವನ್ನೋ ಕಾವ್ಯವನ್ನೋ ಪರಾಮರ್ಶಿಸುವಾಗ ಸಹಜವಾಗಿ ಏಳುವ ಪ್ರಶ್ನೆಗಳನ್ನು ಈ ಚಿತ್ರಗಳ ಮುಂದಿಟ್ಟವರು ವಿರಳ. ತೆಗೆದವರು ಯಾರು, ಯಾವ ದಿನ, ಯಾರು ನೋಡಲೆಂದು, ಚೌಕಟ್ಟಿನ ಹೊರಗೆ ಏನೇನು ಉಳಿಯಿತು? ಈ ಪ್ರಶ್ನೆಗಳಿಗೆ ಸಿಗುವ ಉತ್ತರದ ಮೇಲೆ ಒಂದು ಕುಟುಂಬದ ಮುಂದಿನ ಇಪ್ಪತ್ತು ವರ್ಷಗಳ ಅನ್ನ ನಿಂತಿರುವುದುಂಟು.

ವಿಚಾರಣೆ ಪೂರ್ಣವಾಗಿ ನಡೆಯುವ ಪ್ರಕರಣದಲ್ಲಿ ಚಿತ್ರಕ್ಕೆ ಪಾಟೀಸವಾಲಿನ ಭಯವಿರುತ್ತದೆ. ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಬೇಕೆಂಬ ನಿಯಮವನ್ನು ಸುಪ್ರೀಂ ಕೋರ್ಟು 2014ರಲ್ಲಿ ಬಿಗಿಗೊಳಿಸಿತು, 2020ರಲ್ಲಿ ಮತ್ತೆ ಸ್ಥಿರೀಕರಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣವೂ ಅದನ್ನೇ ಮುಂದುವರಿಸಿದೆ. ರಾಜಿಯ ಮೇಜಿನಲ್ಲಿ ಇದಾವುದನ್ನೂ ಯಾರೂ ಕೇಳುವುದಿಲ್ಲ. ಸಂಧಾನಕಾರರು, ವಿಮಾ ಕಂಪೆನಿಯ ಅಧಿಕಾರಿ, ಇಬ್ಬರು ವಕೀಲರು, ಗಾಯಾಳು, ಇವರ ನಡುವೆ ಚಿತ್ರವು ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತದೆ. ಮೊತ್ತವೊಂದು ಏರುತ್ತದೆ ಅಥವಾ ಇಳಿಯುತ್ತದೆ. ಲೋಕ ಅದಾಲತ್ತಿನಲ್ಲಿ ಹೀಗೆ ಒಪ್ಪಿದ ಮೊತ್ತಕ್ಕೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ 21ನೆಯ ಪ್ರಕರಣದಂತೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲ ಬರುತ್ತದೆ. ಅದರ ಮೇಲೆ ಅಪೀಲಿಲ್ಲ. ಪರೀಕ್ಷೆ ಅತ್ಯಂತ ಸಡಿಲವಾಗಿರುವ ಸ್ಥಳದಲ್ಲಿಯೇ ತೀರ್ಮಾನ ಅತ್ಯಂತ ದೃಢವಾಗಿದೆ ಎಂಬುದನ್ನು ವಕೀಲರೇ ಅನೇಕ ವೇಳೆ ಕಕ್ಷಿದಾರರಿಗೆ ತಿಳಿಸುವುದಿಲ್ಲ.

ಗಾಯದ ಚಿತ್ರದ ಮೊದಲ ದೋಷ, ಅದು ಗಾಯವನ್ನೇ ನಷ್ಟವೆಂದು ನಂಬಿಸುವುದು. ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ ಇತ್ತ ತೀರ್ಪು ಇಲ್ಲಿ ದಾರಿದೀಪವಾಗಿದೆ. ಅದನ್ನು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್. ಅಲ್ಲಿ ಬರುವ ಉದಾಹರಣೆ ಸರಳವಾದುದು. ಎಡಗೈ ಕಳೆದುಕೊಂಡವನ ಅಂಗವೈಕಲ್ಯವನ್ನು ಶೇಕಡಾ 60ರಷ್ಟೆಂದು ವೈದ್ಯರು ಬರೆಯಬಹುದು; ಆತ ಚಾಲಕನೋ ಬಡಗಿಯೋ ಆಗಿದ್ದರೆ ದುಡಿಮೆಯ ಶಕ್ತಿಯ ನಷ್ಟ ಹೆಚ್ಚುಕಡಮೆ ಶೇಕಡಾ 100; ಸರ್ಕಾರಿ ಕಚೇರಿಯ ಗುಮಾಸ್ತನಾಗಿದ್ದರೆ ಆತನ ಉದ್ಯೋಗಕ್ಕೆ ಕುಂದು ಬಾರದೆಯೂ ಇರಬಹುದು. ಬಡಗಿಯ ಮೊಂಡುಗೈಯ ಛಾಯಾಚಿತ್ರಕ್ಕೂ ಗುಮಾಸ್ತನ ಮೊಂಡುಗೈಯ ಛಾಯಾಚಿತ್ರಕ್ಕೂ ನೋಡುವವನ ಕಣ್ಣಿಗೆ ಏನು ಭೇದ? ಬಡಗಿಯ ಪರವಾಗಿ ಮಾತನಾಡಬಲ್ಲ ಚಿತ್ರವು ಆಸ್ಪತ್ರೆಯಲ್ಲಿ ದೊರೆಯುವುದಿಲ್ಲ. ಅದು ಧೂಳು ಹಿಡಿದ ಅವನ ಕೊಟ್ಟಿಗೆಯಲ್ಲಿದೆ: ಒಂದೇ ಕೈಯಿಂದ ಹಲಗೆಯನ್ನು ಒತ್ತಿ ಹಿಡಿದು ಗರಗಸವನ್ನೂ ಎಳೆಯಲು ಹೊರಟಾಗ ಹಲಗೆ ಜಾರುವ ಆ ಕ್ಷಣದಲ್ಲಿದೆ. ಅಂಥ ಚಿತ್ರದಲ್ಲಿ ರಕ್ತವಿರುವುದಿಲ್ಲವಾದ್ದರಿಂದ ಅದನ್ನು ತೆಗೆಸಬೇಕೆಂದು ಯಾರಿಗೂ ತೋಚುವುದಿಲ್ಲ.

ಅದೇ ತೀರ್ಪು ಪರಿಹಾರದ ಬಾಬುಗಳನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಚಿಕಿತ್ಸೆಯ ವೆಚ್ಚ, ಆದಾಯದ ನಷ್ಟ, ಮುಂದೆ ಬೇಕಾಗುವ ಚಿಕಿತ್ಸೆ ಒಂದೆಡೆ. ನೋವು ಯಾತನೆ, ಬದುಕಿನ ಸುಖಸೌಕರ್ಯಗಳ ನಷ್ಟ ಮೊದಲಾದವು ಇನ್ನೊಂದೆಡೆ. ಆಸ್ಪತ್ರೆಯ ಚಿತ್ರವು ನ್ಯಾಯವಾಗಿ ಸಂಬಂಧಿಸುವುದು ಈ ಎರಡನೆಯ ಗುಂಪಿಗೆ. ರಾಜಿಯಲ್ಲಾದರೋ ಎಲ್ಲವನ್ನೂ ಕಲಸಿ ಒಂದೇ ಮೊತ್ತ ಹೇಳುವುದರಿಂದ ಒಂದು ಭೀಕರ ಚಿತ್ರ ಎಲ್ಲ ಬಾಬುಗಳನ್ನೂ ಒಟ್ಟಿಗೆ ಉಬ್ಬಿಸಬಹುದು. ಗಾಯ ಮಾಸಿದ ಚಿತ್ರವೊಂದು ನಿಜವಾದ ಆದಾಯನಷ್ಟವನ್ನೂ ಒಟ್ಟಿಗೆ ಕುಗ್ಗಿಸಬಹುದು.

ಅಪಘಾತದ ಸ್ಥಳದ ಚಿತ್ರದ ಗುಣ ಇದಕ್ಕಿಂತ ಬೇರೆ. ಚಕ್ರದ ಗುರುತು, ಒಡೆದ ಗಾಜು ಬಿದ್ದ ಜಾಗ, ವಾಹನದ ಯಾವ ಪಕ್ಕ ನಜ್ಜುಗುಜ್ಜಾಗಿದೆ ಎಂಬ ವಿವರ, ಇವು ಮಾತಿಗಿಂತ ನಂಬಲರ್ಹವಾದವು ಮತ್ತು ಒಂದು ಮಳೆಗೆ ಅಳಿಯುವಂಥವು. 2022ರ ಏಪ್ರಿಲ್ 1ರಿಂದ ಜಾರಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯು ಸ್ಥಳದ ಮತ್ತು ವಾಹನಗಳ ಚಿತ್ರ ತೆಗೆದು ನಕ್ಷೆ ಸಿದ್ಧಪಡಿಸುವ ಕರ್ತವ್ಯವನ್ನು ತನಿಖಾಧಿಕಾರಿಗೆ ವಿಧಿಸಿದ್ದು, ಮೊದಲ ವರದಿಗೆ 48 ಗಂಟೆಗಳ ಗಡುವಿಟ್ಟದ್ದು ಉಚಿತವಾಗಿದೆ. ಆದರೂ ಮೊಬೈಲ್ ಕ್ಯಾಮೆರಾ ನಿಷ್ಪಕ್ಷಪಾತಿಯಲ್ಲ. ವಿಶಾಲಕೋನದ ಮಸೂರದಲ್ಲಿ ಅಂತರಗಳು ಹಿಗ್ಗುತ್ತವೆ. ಈಗಿನ ಫೋನುಗಳು ರಾತ್ರಿಯ ಕತ್ತಲೆಯನ್ನು ತಾವಾಗಿಯೇ ಬೆಳಗಿಸಿ, ಚಾಲಕನಿಗೆ ಕಾಣದೇ ಇದ್ದ ಪಾದಚಾರಿಯನ್ನು ಢಾಳಾಗಿ ಕಾಣಿಸುತ್ತವೆ. ದೀಪವಿಲ್ಲದ ರಸ್ತೆಯೆಂಬುದೇ ವಿವಾದದ ತಿರುಳಾಗಿದ್ದಾಗ ಇದು ಸಣ್ಣ ಮಾತಲ್ಲ.

ಅಮೆರಿಕದಲ್ಲಿ ಈ ಕಲೆ ಬಹುದೂರ ಸಾಗಿದೆ. ಗಾಯಾಳುವಿನ ಒಂದು ದಿನದ ಬದುಕನ್ನು ಚಿತ್ರೀಕರಿಸಿ ನ್ಯಾಯಾಲಯದಲ್ಲಿ ತೋರಿಸುವ ‘ಡೇ ಇನ್ ದಿ ಲೈಫ್’ ಚಿತ್ರಗಳು ಅಲ್ಲಿ ದಶಕಗಳಿಂದ ಬಳಕೆಯಲ್ಲಿವೆ. ಒಕ್ಲಹೋಮ ರಾಜ್ಯದ ನೋಬಲ್ ಪಟ್ಟಣವು ಪ್ರತಿವಾದಿಯಾಗಿದ್ದ ಪ್ರಕರಣದಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವು 1987ರಲ್ಲಿ ಅಂಥ ಚಿತ್ರವನ್ನು ಒಪ್ಪಿಕೊಂಡರೂ ಅದರ ಅಪಾಯಗಳನ್ನು ಚೆನ್ನಾಗಿ ಗುರುತಿಸಿತು: ತನ್ನನ್ನು ಚಿತ್ರಿಸುತ್ತಿದ್ದಾರೆಂದು ಬಲ್ಲವನು ತನ್ನ ಕಷ್ಟವನ್ನು ಹಿಗ್ಗಿಸಬಹುದು, ಇತರ ಸಾಕ್ಷ್ಯ ಮರೆತರೂ ಚಿತ್ರ ಮನಸ್ಸಿನಲ್ಲಿ ಉಳಿಯಬಹುದು, ಚಲಿಸುವ ಬಿಂಬವನ್ನು ಪಾಟೀಸವಾಲಿಗೆ ಒಳಪಡಿಸಲಾಗದು. ಆ ಪ್ರಕರಣದ ಚಿತ್ರದಲ್ಲಿದ್ದದ್ದು ಕಾರು ಹತ್ತುವುದು, ಪೆಟ್ರೋಲು ತುಂಬುವುದು, ಮನೆಗೆಲಸ ಮುಂತಾದ ಸಾಮಾನ್ಯ ಕ್ರಿಯೆಗಳು. ಅದರ ಬಲವೂ ಅದೇ. ಇದಕ್ಕೆ ಪ್ರತಿಯಾಗಿ, ನ್ಯಾಯಾಲಯಕ್ಕೆ ಹೋಗದೆ ವಿಮಾದಾರರೊಡನೆ ಮಾತುಕತೆಗೆಂದೇ ತಯಾರಾಗುವ ಚಿತ್ರಗಳಲ್ಲಿ ಹಿನ್ನೆಲೆ ಸಂಗೀತ, ಬಾಲ್ಯದ ಚಿತ್ರಗಳು, ತಾಯಿಯ ಕಣ್ಣೀರು ಎಲ್ಲವೂ ಬರುತ್ತವೆ. ಕರುಣರಸವನ್ನು ಉಕ್ಕಿಸುವುದು ನಾಟಕಕಾರನಿಗೆ ಶೋಭೆ. ಹಣದ ಲೆಕ್ಕದ ನಡುವೆ ವಾದ್ಯ ನುಡಿಸುವುದು ಗಾಯಾಳುವಿನ ನೋವನ್ನೇ ಹಗುರಮಾಡುತ್ತದೆ.

ಎದುರುಪಕ್ಷದ ಚಿತ್ರವೂ ಇದೆ. ಅರ್ಜಿದಾರನನ್ನು ಗುಟ್ಟಾಗಿ ಹಿಂಬಾಲಿಸಿ, ಆತ ಚೀಲ ಹಿಡಿದು ಮೆಟ್ಟಿಲಿಳಿದ ಅರೆನಿಮಿಷವನ್ನು ಚಿತ್ರೀಕರಿಸಿ, ಇವನಿಗೆ ಏನೂ ಆಗಿಲ್ಲವೆಂದು ಸಾಧಿಸುವುದು. ಚೀಲದಲ್ಲಿ ಎಷ್ಟು ತೂಕವಿತ್ತು, ಅಂದಿನ ರಾತ್ರಿ ಆತ ಎಷ್ಟು ಮಾತ್ರೆ ನುಂಗಿದ ಎಂಬುದು ಅದರಲ್ಲಿ ಬಾರದು. ಇಲ್ಲಿ ಸುಳ್ಳನ್ನು ತೋರಿಸಿಲ್ಲ. ಒಂದು ನಯವನ್ನು ಹಿಡಿದು ಅದೇ ಪೂರ್ಣ ಪ್ರಮಾಣವೆಂದು ವಾದಿಸಲಾಗಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ದಾಖಲೆಯ ರಚನೆಯನ್ನು, ಹೆಸರಿಸುವುದರ ಜೊತೆಗೆ ಅನ್ಯರ ಗುಟ್ಟನ್ನು ಹೊರಗೆಡಹುವ ರಹೋಭ್ಯಾಖ್ಯಾನವನ್ನೂ, ಅಂಗಚೇಷ್ಟೆಯಿಂದ ಇಂಗಿತವನ್ನು ಊಹಿಸಿ ಬಯಲುಮಾಡುವ ಸಾಕಾರಮಂತ್ರಭೇದವನ್ನೂ ಎಣಿಸಿದೆ. ಮೊದಲನೆಯದು ಗಾಯಾಳುವಿನ ಪಕ್ಷಕ್ಕೆ ಹತ್ತಿರದ ಪ್ರಲೋಭನೆ, ಉಳಿದೆರಡು ವಿಮಾದಾರನ ಪಕ್ಷಕ್ಕೆ. ವಾಹನದ ಮಾಲೀಕನಾಗಿ ಪ್ರತಿವಾದಿಯ ಸ್ಥಾನದಲ್ಲಿ ನಿಲ್ಲಬೇಕಾಗಿ ಬಂದ ಗೃಹಸ್ಥನೋ, ಯಾತ್ರೆಯ ಬಸ್ಸಿನ ಒಡೆತನವುಳ್ಳ ಟ್ರಸ್ಟೋ, ತನ್ನ ಹೆಸರಿನಲ್ಲಿ ಇಂಥ ಬೇಹುಗಾರಿಕೆ ನಡೆದಿದೆಯೇ ಎಂದು ಕೇಳಿದ ದೃಷ್ಟಾಂತ ಅಪರೂಪ.

ಗಾಯಾಳುವಿನ ಮಾನದ ಪ್ರಶ್ನೆಯನ್ನು ಯಾವ ಪಕ್ಷವೂ ಎತ್ತುವುದಿಲ್ಲ. ತೊಡೆಯ, ಸೊಂಟದ ಗಾಯಗಳನ್ನು ತೋರಿಸಲು ಹೆಣ್ಣುಮಗಳೊಬ್ಬಳ ಸೀರೆ ಸರಿಸಿ ತೆಗೆದ ಚಿತ್ರವು ವಕೀಲರ ಗುಮಾಸ್ತನ ಫೋನಿನಿಂದ ವಿಮಾ ಕಚೇರಿಗೆ, ಅಲ್ಲಿಂದ ಇನ್ನೊಂದು ಫೋನಿಗೆ ವಾಟ್ಸಾಪಿನಲ್ಲಿ ಹೋಗುತ್ತದೆ. ಹಣ ಸಂದಾಯವಾಗಿ ಕಡತ ಮುಚ್ಚಿದ ಮೇಲೂ ಅದು ಆ ಫೋನುಗಳಲ್ಲಿಯೇ ಇರುತ್ತದೆ. ಅದೇ ಗಾಯವನ್ನು ವೈದ್ಯರ ಗಾಯದ ಪ್ರಮಾಣಪತ್ರವೂ ಎಕ್ಸ್‌ರೇಯೂ ಹೆಚ್ಚು ನಿಖರವಾಗಿ ಹೇಳಿರುತ್ತವೆ. ಆಕೆ ಚಿತ್ರಕ್ಕೆ ಒಪ್ಪಿದಳೇ ಎಂದರೆ, ಬೇಡವೆನ್ನಬಹುದೆಂದು ಆಕೆಗೆ ಯಾರೂ ಹೇಳಿರಲಿಲ್ಲ ಎಂಬುದೇ ಸಾಮಾನ್ಯವಾದ ಉತ್ತರ.

ದಿನಾಂಕದೊಡನೆ, ತಿಂಗಳಿಗೊಮ್ಮೆ, ಅದೇ ಬಾಗಿಲಿನ ಬಳಿ, ಅದೇ ಎರಡು ಮೆಟ್ಟಿಲುಗಳನ್ನು ಏರುತ್ತಿರುವ ಚಿತ್ರಗಳನ್ನು ಕತ್ತರಿಸದೆ ಇಟ್ಟರೆ ಗಾಯಾಳುವಿನ ಚೇತರಿಕೆಯೂ ಅದು ನಿಂತುಹೋದ ಬಿಂದುವೂ ಒಟ್ಟಿಗೆ ಕಾಣುತ್ತವೆ. ಎರಡು ಪಕ್ಷಗಳೂ ಅದನ್ನೇ ಆಧರಿಸಿ ಮಾತನಾಡಬಹುದು. ಎಕ್ಸ್‌ರೇಯನ್ನು ಅದರ ಪಕ್ಕದಲ್ಲಿಯೇ ಇಡುವುದು ಅಗತ್ಯ. ಏಕೆಂದರೆ ಮೂಳೆಯೊಳಗೆ ಕೂಡಿಸಿದ ಲೋಹದ ಪಟ್ಟಿ ಚರ್ಮದ ಮೇಲಿನ ಯಾವ ಚಿತ್ರದಲ್ಲಿಯೂ ತೋರುವುದಿಲ್ಲ. ಅದನ್ನು ತೆಗೆಯಲು ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾದರೆ ಅದರ ವೆಚ್ಚ ಮುಂದಿನ ಚಿಕಿತ್ಸೆಯ ಬಾಬಿಗೆ ಸೇರಬೇಕು. ಕಲೆ ಮಾಸಿದ ಕಾಲನ್ನು ಮಾತ್ರ ನೋಡಿ ರಾಜಿಗೆ ಸಹಿ ಹಾಕಿದ್ದಾದರೆ ಆ ಶಸ್ತ್ರಚಿಕಿತ್ಸೆಯ ದಿನ ಬಂದಾಗ ಹಣಕ್ಕಾಗಿ ಹಿಂದಿರುಗಿ ಹೋಗಲು ಬಾಗಿಲಿಲ್ಲ.